ಮಂಪರಿಗೆ ನಿದ್ದೆಯೆಂದು ಹೆಸರು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮೆಡಿಕಲ್ ಶಾಪುಗಳಲ್ಲಿ ಅತಿ ಸಲೀಸಾಗಿ ಸಿಗುವ ಔಷಧಿಗಳಲ್ಲಿ ಶೀತ, ತುರಿಕೆಗಳ ಮಾತ್ರೆಯೂ ಒಂದು. ಅವಿಲ್, ಸಿಟ್ರಿಜಿನ್ ಎಂಬ ಹೆಸರುಗಳು ಓದು ಬಾರದವರ ಬಾಯಲ್ಲೂ ಉಂಟು. ಮೂಗು ಸೋರಿದರೆ ಅದು, ಮೈ ಕಡಿದರೆ ಅದು, ಹುಳ ಮುಟ್ಟಿ ದದ್ದು ಎದ್ದರೂ ಅದೇ. ಇಷ್ಟಕ್ಕೆ ಯಾರ ತಕರಾರೂ ಇಲ್ಲ, ಆ ಮಾತ್ರೆ ಹುಟ್ಟಿದ್ದೇ ಇದಕ್ಕೆ. ಆದರೆ ಒಮ್ಮೆ ನುಂಗಿದವರಿಗೆಲ್ಲ ಅದರ ಇನ್ನೊಂದು ಗುಣವೂ ಗೊತ್ತಾಗಿರುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ಕಣ್ಣು ಎಳೆಯತೊಡಗುತ್ತದೆ. ಅಲ್ಲಿಂದ 'ನಿದ್ದೆ ಹತ್ತದಿದ್ದರೆ ಒಂದು ಶೀತದ ಮಾತ್ರೆ ನುಂಗಿ ಮನಿಕ್ಕೊಳ್ಳಿ' ಎಂಬ ಸಲಹೆಗೆ ಹೆಚ್ಚು ದೂರವಿಲ್ಲ. ಶೀತ ವಾಸಿಯಾದ ಮೇಲೂ ಗೋಡೆಯ ಗೂಡಿನಲ್ಲಿ ಉಳಿದ ಸ್ಟ್ರಿಪ್ಪಿನಿಂದ ದಿನಕ್ಕೊಂದು ಮಾತ್ರೆ ಕರಗುತ್ತ ಹೋಗುವುದು ಹೀಗೆ. ಈ ಅಭ್ಯಾಸ ದೇಶ ತುಂಬ ಇದೆ, ಲೋಕ ತುಂಬ ಇದೆ. ಆದರೂ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಇದನ್ನು ಬಿಡಿಸಿ ನೋಡಲು ಒಂದು ಕಾರಣವುಂಟು. ಇಲ್ಲಿ ನಿದ್ದೆ ಕೆಡುವುದಕ್ಕೂ ತುರಿಕೆ ಹುಟ್ಟುವುದಕ್ಕೂ ಎಷ್ಟೋ ಸಲ ಒಂದೇ ಮೂಲ: ಇಲ್ಲಿನ ದುಡಿಮೆ. ಆ ಮೂಲವನ್ನು ಕೇಳದೆ ಕೊಟ್ಟ ಮಾತ್ರೆ ನಿದ್ದೆಯನ್ನು ಕೊಡುವುದಿಲ್ಲ, ನಿದ್ದೆ ಕೆಟ್ಟ ಕಾರಣವನ್ನು ಮುಚ್ಚಿಡುತ್ತದೆ ಎಂಬುದು ಈ ಲೇಖನದ ವಾದ.

ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಪಿರಿಯಾಪಟ್ಟಣದಿಂದ ಹುಣಸೂರಿನವರೆಗಿನ ಯಾವ ಊರಿನ ರಾತ್ರಿಯನ್ನಾದರೂ ನೋಡಬೇಕು. ಗದ್ದೆ ಬದುವಿನಾಚೆ, ಮನೆಗಳ ಹಿಂದೆ, ತಂಬಾಕು ಒಣಗಿಸುವ ಎತ್ತರದ ಬ್ಯಾರನ್‌ಗಳ ಒಲೆಬಾಯಿ ಕೆಂಪಗೆ ಕಾಣುತ್ತದೆ. ಹಗಲು ಮುರಿದ ತಂಬಾಕಿನ ಎಲೆಯನ್ನು ಕಡ್ಡಿಗೆ ಕಟ್ಟಿ, ಒಳಗೆ ಅಂತಸ್ತು ಅಂತಸ್ತಾಗಿ ತೂಗಿಬಿಟ್ಟಿರುತ್ತಾರೆ. ಎಲೆ ಮೊದಲು ಹಳದಿಯಾಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದಂಟೂ ಒಣಗಬೇಕು. ಮೂವತ್ತು, ಮೂವತ್ತೈದು ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುರುವಾದ ಶಾಖ ಐದಾರು ದಿನಗಳಲ್ಲಿ ಮೆಲ್ಲಮೆಲ್ಲನೆ ಎಪ್ಪತ್ತರ ಹತ್ತಿರಕ್ಕೆ ಏರಬೇಕು. ಅವಸರಪಟ್ಟರೆ ಎಲೆ ಹಸಿರಾಗಿಯೇ ಸುಟ್ಟು ನಿಲ್ಲುತ್ತದೆ, ಬೆಂಕಿ ಇಳಿದರೆ ಕಪ್ಪಾಗುತ್ತದೆ, ಎರಡಾದರೂ ಹರಾಜಿನಲ್ಲಿ ಬೆಲೆ ಬಿದ್ದುಹೋಗುತ್ತದೆ. ಹಾಗಾಗಿ ಒಲೆಯ ಮುಂದೆ ಚಾಪೆ ಹಾಸಿಕೊಂಡು ಒಬ್ಬರು ಇರಲೇಬೇಕು. ಹನ್ನೆರಡಕ್ಕೊಮ್ಮೆ, ಎರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಎದ್ದು ಸೌದೆ ತಳ್ಳಿ, ಥರ್ಮಾಮೀಟರ್ ನೋಡಿ ಮತ್ತೆ ಒರಗಬೇಕು. ಒಂದು ಬ್ಯಾರನ್ ಇಳಿಯುತ್ತಲೇ ಮುಂದಿನ ಸೊಪ್ಪು ಮುರಿಯಲು ಸಿದ್ಧವಾಗಿರುತ್ತದೆ. ಎರಡು, ಎರಡೂವರೆ ತಿಂಗಳು ಹೀಗೆ ತುಂಡು ತುಂಡು ನಿದ್ದೆ ಮಾಡಿದ ಮೈಗೆ, ಕೆಲಸ ಮುಗಿದು ನೆಟ್ಟಗೆ ಮಲಗುವ ರಾತ್ರಿ ಬಂದಾಗಲೂ ಎರಡು ಗಂಟೆಗೆ ಎಚ್ಚರವಾಗುತ್ತದೆ. ಇದು ಕಾಯಿಲೆಯಲ್ಲ, ಮೈಗೆ ನಾವೇ ಕಲಿಸಿದ ಪಾಠ.

ತಂಬಾಕು ಬೆಳೆಯದವರ ರಾತ್ರಿಯೂ ಇಲ್ಲಿ ಇಡಿಯಾಗಿಲ್ಲ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಕೆ.ಆರ್. ನಗರದ ರೈತ ಟಾರ್ಚು ಹಿಡಿದು ಗದ್ದೆಗೆ ಹೋಗಬೇಕು. ನಾಗರಹೊಳೆ, ಬಂಡೀಪುರ ಕಾಡುಗಳ ಅಂಚಿನ ಎಚ್.ಡಿ. ಕೋಟೆ ಸೀಮೆಯಲ್ಲಿ ಬೆಳೆ ಕೈಗೆ ಬರುವ ಹೊತ್ತಿಗೆ ಆನೆ ಕಾಯಲು ಮರದ ಮೇಲಿನ ಅಟ್ಟಣೆ ಹತ್ತಬೇಕು. ತಂಬಾಕಿನ ಮನೆಗಳ ಹೆಂಗಸರಂತೂ ಬೆಳಗಿನ ಐದಕ್ಕೆ ಹಸು ಕರೆದು ಡೇರಿಗೆ ಹಾಲು ಹಾಕಿದ ಮೇಲೆ ಸೊಪ್ಪು ಕಟ್ಟಲು ಕೂರುತ್ತಾರೆ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆ ನಮ್ಮದೇ. ಹರಾಜಿನ ಬೆಲೆಯ ಮೇಲೆ ಇಡೀ ವರ್ಷದ ಸಾಲ ನಿಂತಿರುವ ಮನೆಯಲ್ಲಿ ಆ ಸಂತೆಯ ನಿದ್ದೆ ಎಲ್ಲಿಂದ ಬರಬೇಕು?

ಇನ್ನು ತುರಿಕೆ. ಹಸಿ ತಂಬಾಕಿನ ಎಲೆ ಮುಟ್ಟಿದವರ ಕೈಗೆ ಕಡಿತ ತರುವ ಕಪ್ಪು ಅಂಟು ಮೆತ್ತುತ್ತದೆ, ಸೋಪಿಗೂ ಸುಲಭವಾಗಿ ಬಿಡದು. ಅಂಟಿಗಿಂತ ಮುಖ್ಯವಾದದ್ದು ಕಣ್ಣಿಗೆ ಕಾಣದ ನಿಕೋಟಿನ್. ಇಬ್ಬನಿಗೋ ಮಳೆಗೋ ನೆನೆದ ಎಲೆಯ ಮೇಲಿನ ನೀರಿನಲ್ಲಿ ಅದು ಕರಗಿ ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುತ್ತದೆ. ವಾಕರಿಕೆ, ತಲೆ ಸುತ್ತು, ತಲೆನೋವು ಬರುವ ಈ ತೊಂದರೆಯನ್ನು ವೈದ್ಯರು ಹಸಿ ತಂಬಾಕಿನ ಕಾಯಿಲೆ ಎಂದೇ ಗುರುತಿಸಿದ್ದಾರೆ. ತಂಬಾಕು ಬೆಳೆಯುವ ದೇಶಗಳಲ್ಲೆಲ್ಲ ಇದು ಗೊತ್ತಿರುವ ಸಂಗತಿ, ನಿದ್ದೆ ಬಾರದಿರುವುದೂ ಅದರ ಲಕ್ಷಣಗಳಲ್ಲಿ ಒಂದು. ನಿಕೋಟಿನ್ ಎಂಬುದೇ ಮಿದುಳನ್ನು ಎಚ್ಚರಿಸುವ ವಸ್ತು. ಬೀಡಿ ಸಿಗರೇಟು ಮುಟ್ಟದ ಹೆಂಗಸೂ ಒಂದು ಹಗಲು ನೆನೆದ ಸೊಪ್ಪು ಮುರಿದರೆ ಅದರ ಪಾಲು ಪಡೆದೇ ಮನೆಗೆ ಬರುತ್ತಾಳೆ. ರಾತ್ರಿ ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಬಾಯಿಗೆ ಬೀಳುವ ಚಿಟಿಕೆ ತಂಬಾಕಿನ ಕಡ್ಡಿಪುಡಿ ಅದಕ್ಕೆ ಇನ್ನಷ್ಟು ಸೇರಿಸುತ್ತದೆ. ಮಲಗುವ ಮುನ್ನ ಎಚ್ಚರಿಸುವ ವಸ್ತುವನ್ನು ಮೈಗೆ ಸೇರಿಸಿ, ಆಮೇಲೆ ಮಂಪರು ತರಿಸುವ ವಸ್ತುವನ್ನು ನುಂಗುವುದು ಒಂದೇ ಗಾಡಿಗೆ ಹಿಂದೊಂದು ಮುಂದೊಂದು ಎತ್ತು ಕಟ್ಟಿದ ಹಾಗೆ. ಎಳೆತ ಜೋರಾಗಿರುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ.

ಈ ಮಾತ್ರೆಗಳು ಹುಟ್ಟಿದ್ದು ನಿದ್ದೆಗಲ್ಲ ಎಂಬುದಕ್ಕೆ ಅವುಗಳ ಚರಿತ್ರೆಯೇ ಸಾಕ್ಷಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ 1937ರಲ್ಲಿ ಹಿಸ್ಟಮೈನ್ ಎಂಬ ದೇಹದ್ರವ್ಯದ ಕೆಲಸವನ್ನು ತಡೆಯುವ ಮೊದಲ ರಾಸಾಯನಿಕವನ್ನು ಕಂಡುಹಿಡಿದರು. ಈ ದಾರಿಯ ಕೆಲಸಕ್ಕೆ 1957ರಲ್ಲಿ ಅವರಿಗೆ ನೊಬೆಲ್ ಬಂತು. ಅಲರ್ಜಿಯಲ್ಲಿ ಮೂಗು ಸೋರುವುದು, ದದ್ದು ಏಳುವುದು, ಕಣ್ಣು ಕೆರೆಯುವುದು ಎಲ್ಲದರ ಹಿಂದೆ ಇರುವುದು ಹಿಸ್ಟಮೈನ್. 1946ರಲ್ಲಿ ಬೆನಡ್ರಿಲ್ ಮಾರುಕಟ್ಟೆಗೆ ಬಂತು, ಅದೇ ದಶಕದಲ್ಲಿ ಪ್ರೊಮೆಥಜಿನ್ ಬಂತು, ಬೆನ್ನಿಗೇ ಕ್ಲೋರ್‌ಫೆನಿರಮೈನ್ ಬಂತು. ನಮ್ಮ ಬಹುಪಾಲು ಶೀತದ ಮಾತ್ರೆಗಳಲ್ಲಿ ಇಂದಿಗೂ ಇರುವುದು ಈ ಕೊನೆಯದು. ಎಲ್ಲವೂ ರೋಗಿಯನ್ನು ತೂಕಡಿಸುವಂತೆ ಮಾಡುತ್ತಿದ್ದವು, ಅದನ್ನು ಆಗಿನ ವೈದ್ಯರು ದೋಷವೆಂದೇ ಬರೆದಿಟ್ಟರು. ಆ ದೋಷವನ್ನು ನಿವಾರಿಸಲು ಮುಂದಿನ ನಾಲ್ಕು ದಶಕ ದುಡಿದು ಸೆಟಿರಿಜಿನ್ (ನಮ್ಮ ಬಾಯಲ್ಲಿ ಸಿಟ್ರಿಜಿನ್), ಫೆಕ್ಸೊಫೆನಡಿನ್‌ನಂಥ ಹೊಸ ಪೀಳಿಗೆಯ ಮಾತ್ರೆಗಳನ್ನು ತಯಾರಿಸಿದರು. ಹಾಗೆ ವಿಜ್ಞಾನಿಗಳು ಕಳೆಯಲು ಹೆಣಗಿದ ದೋಷವನ್ನೇ ನಾವು ಗುಣವೆಂದು ಹಿಡಿದುಕೊಂಡಿದ್ದೇವೆ.

ತೂಕಡಿಕೆ ಬರುವ ಬಗೆ ಹೀಗಿದೆ. ಮೈಯಲ್ಲಿ ತುರಿಕೆ ಎಬ್ಬಿಸುವ ಹಿಸ್ಟಮೈನೇ ಮಿದುಳಿನಲ್ಲಿ ಬೇರೊಂದು ಜವಾಬ್ದಾರಿ ಹೊತ್ತಿದೆ. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗದ ಒಂದು ಪುಟ್ಟ ಗುಂಪಿನ ನರಕೋಶಗಳು ಹಗಲಿಡೀ ಹಿಸ್ಟಮೈನ್ ಬಿಡುಗಡೆ ಮಾಡಿ ಇಡೀ ಮಿದುಳನ್ನು ಎಚ್ಚರವಾಗಿಟ್ಟಿರುತ್ತವೆ. ಹಳೆಯ ಪೀಳಿಗೆಯ ಮಾತ್ರೆ ರಕ್ತದಿಂದ ಮಿದುಳಿಗೆ ಸಲೀಸಾಗಿ ನುಗ್ಗಿ ಆ ಎಚ್ಚರದ ದೀಪವನ್ನು ಸಣ್ಣಗೆ ಮಾಡುತ್ತದೆ. ಹೊಸ ಪೀಳಿಗೆಯ ಮಾತ್ರೆಯನ್ನು ಮಿದುಳಿನ ಬಾಗಿಲಲ್ಲೇ ಬಹುಮಟ್ಟಿಗೆ ಹೊರದಬ್ಬಲಾಗುತ್ತದೆ. ಜಪಾನಿನ ವಿಜ್ಞಾನಿಗಳು ಮಿದುಳಿನ ಚಿತ್ರ ತೆಗೆದು ಇದನ್ನು ಅಳೆದಿದ್ದಾರೆ. 10 ಮಿಲಿಗ್ರಾಂ ಸೆಟಿರಿಜಿನ್ ಮಿದುಳಿನ ಹಿಸ್ಟಮೈನ್ ತಾಣಗಳ ಸುಮಾರು ಎಂಟನೇ ಒಂದು ಪಾಲನ್ನು ಮುಚ್ಚಿದರೆ, ಫೆಕ್ಸೊಫೆನಡಿನ್ ಮುಚ್ಚಿದ್ದು ಇಲ್ಲವೇ ಇಲ್ಲ ಎನ್ನುವಷ್ಟು. ಸಿಟ್ರಿಜಿನ್ ಕೆಲವರಿಗೆ ನಿದ್ದೆ ಬರಿಸಿ ಕೆಲವರಿಗೆ ಬರಿಸದಿರುವುದೂ, ಹಳೆಯ ಪೀಳಿಗೆಯ ಅವಿಲ್ ಹೆಚ್ಚಿನವರ ಕಣ್ಣು ಎಳೆಯುವುದೂ ಇದೇ ಕಾರಣಕ್ಕೆ.

ಎಚ್ಚರವನ್ನು ತಗ್ಗಿಸುವುದೇ ನಿದ್ದೆಯನ್ನು ತಂದಂತಾಯಿತಲ್ಲ ಎಂದು ಕೇಳಬಹುದು. ಆಗಲಿಲ್ಲ. ನಿದ್ದೆಯೆಂಬುದು ಬರಿಯ ಎಚ್ಚರವಿಲ್ಲದ ಸ್ಥಿತಿಯಲ್ಲ. ರಾತ್ರಿಯುದ್ದಕ್ಕೂ ಗಾಢ ನಿದ್ದೆ, ಕನಸಿನ ನಿದ್ದೆಗಳ ಸುತ್ತು ನಾಲ್ಕೈದು ಸಲ ಬಂದು ಹೋಗಬೇಕು. ಕ್ಲೋರ್‌ಫೆನಿರಮೈನ್‌ನಂಥ ಮಾತ್ರೆಗಳು ಕನಸಿನ ನಿದ್ದೆಯನ್ನು ತಡವಾಗಿಸುತ್ತವೆ, ಮೊಟಕುಗೊಳಿಸುತ್ತವೆ. ಅದೂ ಹೋಗಲಿ, ಮಲಗಿದ ಹೊತ್ತಾದರೂ ಹೆಚ್ಚುತ್ತದೆಯೇ? ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2017ರಲ್ಲಿ ಇದ್ದ ಪರೀಕ್ಷೆಗಳನ್ನೆಲ್ಲ ಒಟ್ಟುಮಾಡಿ ಲೆಕ್ಕ ಹಾಕಿತು. ಬೆನಡ್ರಿಲ್‌ನಲ್ಲಿರುವ ಡೈಫೆನ್‌ಹೈಡ್ರಮೈನ್ ನುಂಗಿದವರಿಗೆ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗಿಂತ ಸರಾಸರಿ ಎಂಟು ನಿಮಿಷ ಮೊದಲು ನಿದ್ದೆ ಹತ್ತಿತ್ತು, ಹನ್ನೆರಡು ನಿಮಿಷ ಹೆಚ್ಚು ನಿದ್ದೆ ಬಂದಿತ್ತು. ಆ ಅಂತರವೂ ಆಕಸ್ಮಿಕವಾಗಿರಬಹುದಾದಷ್ಟು ಸಡಿಲವಾಗಿತ್ತು. ನಿದ್ರಾಹೀನತೆಗೆ ಈ ಔಷಧಿಯನ್ನು ಬಳಸದಿರುವುದೇ ಮೇಲು ಎಂದು ಅಕಾಡೆಮಿ ವೈದ್ಯರಿಗೆ ಸೂಚಿಸಿತು. ಹನ್ನೆರಡು ನಿಮಿಷವೆಂದರೆ ಬ್ಯಾರನ್ ಒಲೆಗೆ ಒಂದು ಸುತ್ತು ಸೌದೆ ಹಾಕಿ ಬರುವಷ್ಟು ಹೊತ್ತು. ಇಡೀ ರಾತ್ರಿಯ ಲಾಭ ಅಷ್ಟೇ.

ಆ ಲಾಭವೂ ಉಳಿಯುವುದಿಲ್ಲ ಎಂಬುದು ಇನ್ನೂ ಮುಖ್ಯವಾದ ಮಾತು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಮಂದಿ ಆರೋಗ್ಯವಂತ ಗಂಡಸರಿಗೆ ಡೈಫೆನ್‌ಹೈಡ್ರಮೈನ್ 50 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟು ಅವರ ತೂಕಡಿಕೆಯನ್ನು ಅಳೆದರು. ಮೊದಲ ದಿನ ತೂಕಡಿಕೆ ಚೆನ್ನಾಗಿಯೇ ಇತ್ತು. ನಾಲ್ಕನೆಯ ದಿನಕ್ಕೆ ಹುಸಿ ಮಾತ್ರೆ ನುಂಗಿದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ. ಮಿದುಳು ಅಷ್ಟು ಬೇಗ ಒಗ್ಗಿಕೊಳ್ಳುತ್ತದೆ. ಗೂಡಿನಲ್ಲಿಟ್ಟ ಹತ್ತು ಮಾತ್ರೆಯ ಸ್ಟ್ರಿಪ್ಪಿನಲ್ಲಿ ಮೊದಲ ಮೂರು ಮಾತ್ರೆ ಮಾಡಿದ ಕೆಲಸವನ್ನು ಉಳಿದ ಏಳು ಮಾಡುತ್ತವೆಂಬ ಭರವಸೆಯಿಲ್ಲ. ಆದರೆ ಮೊದಲ ದಿನದ ಅನುಭವದ ನಂಬಿಕೆ ಗಟ್ಟಿ. ನಾಲ್ಕನೆಯ ರಾತ್ರಿ ನಿದ್ದೆ ಬಾರದಿದ್ದರೆ ಒಂದರ ಜಾಗದಲ್ಲಿ ಎರಡು ನುಂಗಬೇಕೆನಿಸುತ್ತದೆಯೇ ಹೊರತು ಬಿಡಬೇಕೆನಿಸುವುದಿಲ್ಲ. ಅಪಾಯದ ಹೊಸ್ತಿಲು ಇದು.

ಮಾತ್ರೆ ರಾತ್ರಿಗೆ ಸೀಮಿತವೂ ಅಲ್ಲ. ಕ್ಲೋರ್‌ಫೆನಿರಮೈನ್ ದೊಡ್ಡವರ ಮೈಯಲ್ಲಿ ಅರ್ಧಕ್ಕೆ ಇಳಿಯಲು ಇಪ್ಪತ್ತು ಗಂಟೆಯ ಆಸುಪಾಸು ಬೇಕು. ರಾತ್ರಿ ಹತ್ತಕ್ಕೆ ನುಂಗಿದ್ದರ ಅರ್ಧ ಭಾಗ ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೂ ರಕ್ತದಲ್ಲಿರುತ್ತದೆ, ಅದರ ಮೇಲೆ ಆ ರಾತ್ರಿಯದು ಸೇರುತ್ತದೆ. ಹಗಲು ಇಂಥ ಮಾತ್ರೆ ಮೈಯಲ್ಲಿದ್ದರೆ ಏನಾಗಬಲ್ಲದೆಂಬುದಕ್ಕೆ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2000ನೇ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗವೊಂದು ಕಣ್ಣು ತೆರೆಸುವಂಥದ್ದು. ಅಲರ್ಜಿಯಿದ್ದ 40 ಮಂದಿಯನ್ನು ಕೃತಕ ವಾಹನದಲ್ಲಿ ಕೂರಿಸಿ, ಒಮ್ಮೆ ಡೈಫೆನ್‌ಹೈಡ್ರಮೈನ್, ಒಮ್ಮೆ ಫೆಕ್ಸೊಫೆನಡಿನ್, ಒಮ್ಮೆ ಹುಸಿ ಮಾತ್ರೆ, ಒಮ್ಮೆ ರಕ್ತದಲ್ಲಿ ಸುಮಾರು ಶೇ 0.1ರಷ್ಟು ಮದ್ಯ ಇರುವಂತೆ ಕುಡಿಸಿ ಚಾಲನೆ ನೋಡಿದರು. ಮುಂದಿನ ವಾಹನದ ವೇಗಕ್ಕೆ ಸರಿಯಾಗಿ ಹೊಂದಿಕೊಂಡು ಓಡಿಸುವುದರಲ್ಲಿ ಅತಿ ಕೆಟ್ಟದಾಗಿ ನಡೆದುಕೊಂಡವರು ಕುಡಿದವರಲ್ಲ, ಡೈಫೆನ್‌ಹೈಡ್ರಮೈನ್ ನುಂಗಿದವರು. ನಮ್ಮ ಮೋಟಾರು ವಾಹನ ಕಾಯ್ದೆ ಒಪ್ಪುವ ಮದ್ಯದ ಮಿತಿ ಶೇ 0.03. ಅಂದರೆ ಪೊಲೀಸರು ಹಿಡಿಯುವ ಮಟ್ಟದ ಮೂರು ಪಟ್ಟಿಗಿಂತ ಹೆಚ್ಚು ಕುಡಿದವನಿಗಿಂತ ಮಾತ್ರೆ ನುಂಗಿದವನ ಚಾಲನೆ ಕೆಟ್ಟಿತ್ತು. ಇನ್ನೂ ಒಂದು ಸಂಗತಿ ಅದರಲ್ಲಿ ಕಂಡುಬಂತು. ತನಗೆ ತೂಕಡಿಕೆ ಇದೆಯೋ ಇಲ್ಲವೋ ಎಂದು ಚಾಲಕ ಹೇಳಿಕೊಂಡಿದ್ದಕ್ಕೂ ಅವನು ನಿಜವಾಗಿ ಓಡಿಸಿದ ರೀತಿಗೂ ಹೆಚ್ಚಿನ ಸಂಬಂಧವೇ ಇರಲಿಲ್ಲ. 'ನಂಗೇನೂ ಆಗಲ್ಲ, ಚೆನ್ನಾಗೇ ಇದೀನಿ' ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ನಸುಕಿನಲ್ಲಿ ಹಾಲಿನ ವ್ಯಾನ್ ಓಡಿಸುವವರು, ತರಕಾರಿ ತುಂಬಿಕೊಂಡು ಹುಣಸೂರು ರಸ್ತೆಯಲ್ಲಿ ಮೈಸೂರಿಗೆ ಹೊರಡುವವರು, ಟ್ರ್ಯಾಕ್ಟರ್ ಏರುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಬ್ಯಾರನ್ ಕಾಯುವವರೂ ಅಷ್ಟೇ. ಒಣಗಿದ ಒಂದು ಎಲೆ ಕಾದ ಕೊಳವೆಯ ಮೇಲೆ ಉದುರಿದರೂ ಇಡೀ ಬ್ಯಾರನ್ ಹೊತ್ತಿಕೊಳ್ಳಬಲ್ಲದು. ಅಲ್ಲಿ ಬೇಕಾದದ್ದು ಚುರುಕು ಕಣ್ಣು.

ವಯಸ್ಸಾದವರ ಪಾಡು ಇದಕ್ಕಿಂತ ಸೂಕ್ಷ್ಮ. ಹಳೆಯ ಪೀಳಿಗೆಯ ಈ ಮಾತ್ರೆಗಳು ಹಿಸ್ಟಮೈನ್ ಒಂದನ್ನೇ ತಡೆಯುವುದಿಲ್ಲ, ಅಸೆಟೈಲ್‌ಕೋಲಿನ್ ಎಂಬ ಇನ್ನೊಂದು ದ್ರವ್ಯವನ್ನೂ ತಡೆಯುತ್ತವೆ. ಬಾಯಲ್ಲಿ ಜೊಲ್ಲು ಊರುವುದು, ಕರುಳು ಕದಲುವುದು, ಮೂತ್ರಕೋಶ ಹಿಂಡಿ ಖಾಲಿಯಾಗುವುದು ಅದರಿಂದಲೇ. ನೆನಪು ಕೂಡುವುದಕ್ಕೂ ಅದು ಬೇಕು. ರಾತ್ರಿ ಮೂರು ಸಲ ಮೂತ್ರಕ್ಕೆ ಎದ್ದು ನಿದ್ದೆ ಕೆಟ್ಟಿತೆಂದು ಎಪ್ಪತ್ತು ದಾಟಿದ ತಾತ ಶೀತದ ಮಾತ್ರೆ ನುಂಗುತ್ತಾರೆ ಎಂದುಕೊಳ್ಳಿ. ಆ ವಯಸ್ಸಿನ ಗಂಡಸರಲ್ಲಿ ಪ್ರೋಸ್ಟೇಟ್ ಗ್ರಂಥಿ ಊದಿ ಮೂತ್ರದ ದಾರಿಯನ್ನು ಒತ್ತುತ್ತಿರುವುದು ಸಾಮಾನ್ಯ. ಮಾತ್ರೆಯಿಂದ ಮೂತ್ರಕೋಶದ ಬಲವೂ ಕುಂದಿದರೆ ಬೆಳಗಿನ ಹೊತ್ತಿಗೆ ಮೂತ್ರ ಪೂರ್ತಿ ಕಟ್ಟಿ, ಹೊಟ್ಟೆ ಬಿಗಿದು, ಕೊಳವೆ ಹಾಕಿಸಲು ಆಸ್ಪತ್ರೆಗೆ ಓಡಬೇಕಾಗುತ್ತದೆ. ಅಜ್ಜಿಯರಲ್ಲಿ ಮಲಬದ್ಧತೆ, ಬಾಯಾರಿಕೆ, ನಡುರಾತ್ರಿ ಎದ್ದಾಗ ತಲೆ ತಿರುಗಿ ಬೀಳುವುದು, ಇರುವ ಜಾಗವೇ ಮರೆತಂತೆ ಗಲಿಬಿಲಿ. ಮನೆಯವರು ಅದನ್ನು ವಯಸ್ಸಿನ ಅರಳುಮರಳು ಎಂದು ತಿಳಿದು ಸುಮ್ಮನಾಗುತ್ತಾರೆ. ಕಾರಣ ಗೂಡಿನಲ್ಲಿರುತ್ತದೆ. 65 ದಾಟಿದವರಿಗೆ ಕೊಡಬಾರದ ಔಷಧಿಗಳದೊಂದು ಪಟ್ಟಿ ಅಮೆರಿಕದ ವೃದ್ಧವೈದ್ಯರ ಸಂಘದ್ದು. ಬೀರ್ಸ್ ಪಟ್ಟಿ ಎಂದು ಹೆಸರಾದ ಅದರಲ್ಲಿ ಈ ಹಳೆಯ ಅಲರ್ಜಿ ಮಾತ್ರೆಗಳು ಬಹುಕಾಲದಿಂದ ಇವೆ.

ಮರೆವಿನ ಕಾಯಿಲೆಯ ಪ್ರಶ್ನೆಯನ್ನು ಇಲ್ಲಿ ಎಚ್ಚರಿಕೆಯಿಂದ ಹೇಳಬೇಕು. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 65 ದಾಟಿದ 3,434 ಮಂದಿಯನ್ನು ಸರಾಸರಿ ಏಳು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿತು. ಅಸೆಟೈಲ್‌ಕೋಲಿನ್ ತಡೆಯುವ ಔಷಧಿಗಳನ್ನು ಹೆಚ್ಚು ಕಾಲ ಸೇವಿಸಿದವರಲ್ಲಿ, ಅಂದರೆ ದಿನಕ್ಕೆ 4 ಮಿಲಿಗ್ರಾಂ ಕ್ಲೋರ್‌ಫೆನಿರಮೈನ್‌ನಂತೆ ಮೂರು ವರ್ಷಕ್ಕೂ ಮಿಗಿಲಾಗಿ ನುಂಗಿದಷ್ಟು ಸೇವಿಸಿದವರಲ್ಲಿ, ಮರೆವಿನ ಕಾಯಿಲೆಯ ಸಂಭವ ಸೇವಿಸದವರಿಗಿಂತ ಶೇ 54ರಷ್ಟು ಹೆಚ್ಚಿತ್ತು. ಇದು ಜೊತೆಜೊತೆಗೆ ಕಂಡುಬಂದ ಸಂಬಂಧವೇ ಹೊರತು ಮಾತ್ರೆಯಿಂದಲೇ ಕಾಯಿಲೆ ಬಂತೆಂಬ ರುಜುವಾತಲ್ಲ. ಮರೆವಿನ ಆರಂಭದಲ್ಲೇ ನಿದ್ದೆ ಕೆಡುವುದರಿಂದ ಅಂಥವರು ಮಾತ್ರೆಗೆ ಕೈ ಹಾಕಿರಬಹುದು ಎಂಬ ಆಕ್ಷೇಪಕ್ಕೆ ತೂಕವಿದೆ. ಹಾಗಾಗಿ ಒಂದು ಚಳಿಗಾಲ ಅವಿಲ್ ನುಂಗಿದವರು ಗಾಬರಿಯಾಗಬೇಕಿಲ್ಲ. ಆದರೆ ಹನ್ನೆರಡು ನಿಮಿಷದ ನಿದ್ದೆಗಾಗಿ ಈ ಅನುಮಾನವನ್ನು ವರ್ಷಗಟ್ಟಲೆ ಹೊರುವುದು ಯಾವ ಲೆಕ್ಕಾಚಾರ?

ಇಷ್ಟೆಲ್ಲಕ್ಕಿಂತ ದೊಡ್ಡ ನಷ್ಟ ಕಾರಣ ಮರೆಯಾಗುವುದು. ಮಲಗಿದ ಮೇಲೆ ಹೆಚ್ಚುವ ತುರಿಕೆ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಇದ್ದರೆ ಅದು ಬಹುತೇಕ ಕಜ್ಜಿ. ಚರ್ಮದೊಳಗೆ ಸುರಂಗ ಕೊರೆದ ಸೂಕ್ಷ್ಮ ಹುಳಕ್ಕೆ ಅಲರ್ಜಿ ಮಾತ್ರೆಯಿಂದ ಏನೂ ಆಗುವುದಿಲ್ಲ. ಮನೆಮಂದಿಯೆಲ್ಲ ಒಂದೇ ದಿನ ಪರ್ಮೆಥ್ರಿನ್ ಮುಲಾಮು ಹಚ್ಚಿ, ಹೊದಿಕೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು, ವಾರದ ಮೇಲೆ ಮತ್ತೊಮ್ಮೆ ಹಚ್ಚಿದರೆ ಹೋಗುತ್ತದೆ. ಮಾತ್ರೆ ನುಂಗಿ ಮಂಪರಿನಲ್ಲಿ ಮಲಗಿದವರು ತಿಂಗಳುಗಟ್ಟಲೆ ಅದನ್ನು ಮನೆಗೆಲ್ಲ ಹಂಚುತ್ತಿರುತ್ತಾರೆ. ಹೊಲದ ಬದುವಿನ ಕಾಂಗ್ರೆಸ್ ಗಿಡದಿಂದ ಮುಖ, ಕತ್ತು, ಮೊಳಕೈ ಸಂದಿ ದಪ್ಪಗಾಗಿ ಕಡಿಯುವುದು ಇನ್ನೊಂದು ಬಗೆ. ಅದು ಮುಖ್ಯವಾಗಿ ಹಿಸ್ಟಮೈನ್‌ನ ಕೆಲಸವೇ ಅಲ್ಲ, ರಕ್ತದ ಬಿಳಿಕಣಗಳು ನಿಧಾನವಾಗಿ ನಡೆಸುವ ಉರಿಯೂತ. ಅಲ್ಲಿ ಮಾತ್ರೆ ಕೆರೆಯುವ ಕೈಯನ್ನು ಮಲಗಿಸುತ್ತದೆ ಅಷ್ಟೆ, ಚರ್ಮದ ಕಾಯಿಲೆ ಹಾಗೇ ಬೆಳೆಯುತ್ತದೆ. ಏನೂ ಗುಳ್ಳೆಯಿಲ್ಲದೆ ಮೈಯೆಲ್ಲ ಕಡಿಯುವುದು ಕೆಲವೊಮ್ಮೆ ಮೂತ್ರಪಿಂಡ, ಯಕೃತ್ತಿನ ತೊಂದರೆಯ ಸುಳಿವು.

ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ನಿದ್ದೆಗೇಡಿಗಂತೂ ಈ ಮಾತ್ರೆ ತದ್ವಿರುದ್ಧ ಕೆಲಸ ಮಾಡುತ್ತದೆ. ಮಲಗಿದ ಕೂಡಲೇ ಕಾಲಿನ ಮೀನಖಂಡದಲ್ಲಿ ಹುಳ ಹರಿದಂತಾಗಿ, ಕಾಲು ಝಾಡಿಸದೆ ಇರಲಾಗದೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ನೆಮ್ಮದಿಯಾಗುವ ತೊಂದರೆಯದು. ಕಬ್ಬಿಣಾಂಶದ ಕೊರತೆ ಅದಕ್ಕೊಂದು ಮುಖ್ಯ ಕಾರಣ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಕಾಲಿನ ಈ ಚಡಪಡಿಕೆಯನ್ನು ಹಳೆಯ ಅಲರ್ಜಿ ಮಾತ್ರೆಗಳು ಇನ್ನಷ್ಟು ಕೆರಳಿಸುತ್ತವೆ. ಇಡೀ ದಿನ ಸೊಪ್ಪು ಕಟ್ಟಿ ಕಾಲು ನೋವೆಂದು ಮಲಗಿದವಳಿಗೆ ಒಂದು ಶೀತದ ಮಾತ್ರೆ ಕೊಟ್ಟರೆ ಅವಳ ರಾತ್ರಿ ಇನ್ನೂ ಹಾಳಾಗಬಹುದು. ಅವಳಿಗೆ ಬೇಕಾದದ್ದು ರಕ್ತಪರೀಕ್ಷೆ ಮತ್ತು ಕಬ್ಬಿಣದ ಮಾತ್ರೆ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ನಮ್ಮಲ್ಲಿ 'ಶೀತದ ಮಾತ್ರೆ' ಎಂದು ಕೊಡುವುದು ಎಷ್ಟೋ ಸಲ ಒಂದೇ ಔಷಧವೂ ಅಲ್ಲ. ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಮೂರೂ ಸೇರಿದ ಮಾತ್ರೆಗಳೇ ಹೆಚ್ಚು. ನಿದ್ದೆಗಾಗಿ ಅದನ್ನು ದಿನವೂ ನುಂಗುವವರು ಜ್ವರವಿಲ್ಲದೆ ಜ್ವರದ ಮದ್ದನ್ನೂ, ರಕ್ತನಾಳವನ್ನು ಬಿಗಿಸುವ ಮದ್ದನ್ನೂ ಮೈಗೆ ಸೇರಿಸುತ್ತಿರುತ್ತಾರೆ. ಬಿಪಿ ಇರುವವರಿಗೆ, ದಿನಾ ಕುಡಿಯುವವರ ಯಕೃತ್ತಿಗೆ ಇದು ಸುಮ್ಮನೆ ಹೊರಿಸಿದ ಭಾರ. ಕುಡಿತ ಮತ್ತು ಈ ಮಾತ್ರೆ ಒಂದೇ ರಾತ್ರಿ ಕೂಡಿದರೆ ಒಂದರ ಮಂಪರನ್ನು ಇನ್ನೊಂದು ಏರಿಸುತ್ತದೆ. ಅಮ್ಮಂದಿರು ಸೊಪ್ಪಿನ ಕೆಲಸಕ್ಕೆ ಕೂತಾಗ ರಗಳೆ ಮಾಡುವ ಮಗುವಿಗೆ ಶೀತದ ಸಿರಪ್ಪು ಕುಡಿಸುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಬೇಕು. ಕ್ಲೋರ್‌ಫೆನಿರಮೈನ್, ಫಿನೈಲ್‌ಎಫ್ರಿನ್ ಕೂಡಿದ ಸಿರಪ್ಪನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಲೇಬಲ್ ಮೇಲೆ ಬರೆಯಬೇಕೆಂದು ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದರು. ಪ್ರೊಮೆಥಜಿನ್ ಎರಡು ವರ್ಷದೊಳಗಿನ ಕೂಸುಗಳ ಉಸಿರನ್ನೇ ನಿಲ್ಲಿಸಬಹುದೆಂದು ಅಮೆರಿಕದ ಔಷಧ ಆಡಳಿತ 2004ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಅಪಾಯವಿದ್ದರೆ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುತ್ತಿದ್ದರೇ? ಅಮೆರಿಕದಲ್ಲಿ ಇದನ್ನೇ ನಿದ್ದೆ ಮಾತ್ರೆಯೆಂದು ರಾಜಾರೋಷವಾಗಿ ಮಾರುತ್ತಾರಲ್ಲ? ಮಾರುತ್ತಾರೆ, ನಿಜ. 1982ರಲ್ಲಿ ಡೈಫೆನ್‌ಹೈಡ್ರಮೈನ್‌ಗೆ ಅಲ್ಲಿ ಆ ಒಪ್ಪಿಗೆ ಸಿಕ್ಕಿತು. ಆದರೆ ಆಗೊಮ್ಮೆ ಈಗೊಮ್ಮೆ ನಿದ್ದೆ ಕೆಟ್ಟಾಗ ಎಂಬ ಮಾತಿನೊಡನೆ, ಎರಡು ವಾರ ಮೀರಿದರೆ ವೈದ್ಯರನ್ನು ಕಾಣಿ ಎಂಬ ಎಚ್ಚರಿಕೆಯೊಡನೆ. ಅದೇ ದೇಶದ ನಿದ್ರಾವೈದ್ಯರು ಮೂವತ್ತೈದು ವರ್ಷದ ಅನುಭವದ ಮೇಲೆ ಬೇಡವೆಂದದ್ದನ್ನೂ ನೋಡಿದೆವು. ನಮ್ಮಲ್ಲಂತೂ ಕ್ಲೋರ್‌ಫೆನಿರಮೈನ್, ಅವಿಲ್‌ನಲ್ಲಿರುವ ಫೆನಿರಮೈನ್, ಪ್ರೊಮೆಥಜಿನ್‌ಗಳು ಔಷಧ ನಿಯಮಗಳ ಜಿ ಶೆಡ್ಯೂಲ್‌ನಲ್ಲಿವೆ. ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಅಪಾಯಕರ ಎಂದು ಪ್ಯಾಕಿನ ಮೇಲೆ ಬರೆದಿರಬೇಕೆಂಬುದು ಆ ಶೆಡ್ಯೂಲ್‌ನ ಕಟ್ಟಳೆ. ಸ್ಟ್ರಿಪ್ಪನ್ನು ಕತ್ತರಿಸಿ ಎರಡು ಮಾತ್ರೆ ಕಾಗದದಲ್ಲಿ ಸುತ್ತಿಕೊಟ್ಟಾಗ ಆ ಸಾಲು ಅಂಗಡಿಯಲ್ಲೇ ಉಳಿಯುತ್ತದೆ, ಕೊಂಡವರ ಕೈಗೆ ಬರುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ನಿದ್ದೆಗೆಂದು ನುಂಗುವ ಆಲ್‌ಪ್ರಜೋಲಾಮ್‌ನಂಥ ಮಾತ್ರೆಗೆ ಚಟ ಹತ್ತುತ್ತದೆ, ಅದಕ್ಕಿಂತ ಇದು ವಾಸಿಯಲ್ಲವೇ? ಚಟದ ಮಟ್ಟಿಗೆ ಹೋಲಿಸಿದರೆ ಹೌದು. ಆದರೆ ಆರಿಸಿಕೊಳ್ಳಬೇಕಾದದ್ದು ಈ ಎರಡರ ನಡುವೆ ಮಾತ್ರ ಎಂದು ಹೇಳಿದವರು ಯಾರು? ಅಲ್ಲದೆ ಅಲರ್ಜಿ ಮಾತ್ರೆಗೂ ತನ್ನದೇ ಒಂದು ಹಿಡಿತವಿದೆ. ಸೆಟಿರಿಜಿನ್, ಲೆವೊಸೆಟಿರಿಜಿನ್‌ಗಳನ್ನು ತಿಂಗಳುಗಟ್ಟಲೆ ದಿನವೂ ನುಂಗಿ ಒಮ್ಮೆಲೇ ನಿಲ್ಲಿಸಿದ ಕೆಲವರಿಗೆ ಮೈತುಂಬ ತಡೆಯಲಾರದ ತುರಿಕೆ ಬರುತ್ತದೆಂದು ಅಮೆರಿಕದ ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಎಚ್ಚರಿಸಿತು. ಇದು ಅಪರೂಪ, ಆದರೆ ಬಂದವರ ಪಾಲಿಗೆ ಘೋರ. ಮಾತ್ರೆ ಬಿಟ್ಟದ್ದರಿಂದ ಬಂದ ತುರಿಕೆಯನ್ನು ಹಳೆಯ ಅಲರ್ಜಿಯೇ ಮರಳಿತೆಂದು ತಿಳಿದು, ಮತ್ತೆ ಅದೇ ಮಾತ್ರೆಗೆ ಮರಳುವುದು ಸಹಜ. ಮೂರನೆಯದಾಗಿ, ಯಾವಾಗಲೋ ಒಮ್ಮೆ ಶೀತವಾದಾಗ ರಾತ್ರಿ ಒಂದು ನುಂಗಿ ಮಲಗುವ ಆರೋಗ್ಯವಂತ ನಡುವಯಸ್ಸಿನವರನ್ನು ಹೆದರಿಸುವ ಉದ್ದೇಶ ಇಲ್ಲಿಲ್ಲ. ಅವರಿಗೆ ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ಶೀತವಿಲ್ಲದ ರಾತ್ರಿಯ ಮಾತ್ರೆಯ ಬಗ್ಗೆ ಮಾತ್ರ ಈ ವಾದ.

ಹಾಗಾದರೆ ಬ್ಯಾರನ್ ಮುಂದೆ ಕೂತವರು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡದೆ ಬರೀ ಬೇಡವೆನ್ನುವುದು ನ್ಯಾಯವಲ್ಲ. ನೆನೆದ ಎಲೆ ಮುರಿಯುವುದನ್ನು ಬಿಸಿಲೇರಿ ಇಬ್ಬನಿ ಆರುವವರೆಗೆ ಮುಂದೂಡುವುದು, ಕೈಗವಸು ಮತ್ತು ತುಂಬುತೋಳಿನ ಅಂಗಿ, ಮನೆಗೆ ಬಂದ ಕೂಡಲೇ ಸ್ನಾನ, ಇವಿಷ್ಟರಿಂದ ಮೈಗೆ ಇಳಿಯುವ ನಿಕೋಟಿನ್ನೂ ತುರಿಕೆಯೂ ಕಡಿಮೆಯಾಗುತ್ತವೆ. ಕಡ್ಡಿಪುಡಿಯನ್ನು ಬಿಡಲಾಗದವರು ರಾತ್ರಿಯೂಟದ ನಂತರದ ಒಂದು ಸಲವನ್ನಾದರೂ ಬಿಡಬಹುದು. ಅಕ್ಕಪಕ್ಕದ ಎರಡು ಬ್ಯಾರನ್‌ಗಳವರು ಸರದಿ ಕಟ್ಟಿಕೊಂಡು, ಒಬ್ಬರು ನಡುರಾತ್ರಿವರೆಗೆ, ಇನ್ನೊಬ್ಬರು ಅಲ್ಲಿಂದ ಬೆಳಗಿನವರೆಗೆ ಎರಡೂ ಒಲೆ ನೋಡಿಕೊಂಡರೆ ಇಬ್ಬರಿಗೂ ನಾಲ್ಕೈದು ಗಂಟೆಯ ಮುರಿಯದ ನಿದ್ದೆ ಸಿಗುತ್ತದೆ. ತುಂಡು ತುಂಡಾದ ನಿದ್ದೆಗಿಂತ ಅದು ಮೇಲು. ಹಗಲು ಮಲಗುವವರು ಕತ್ತಲು ಮಾಡಿಕೊಂಡ ಕೋಣೆಯಲ್ಲಿ ದಿನವೂ ಒಂದೇ ಹೊತ್ತಿಗೆ ಮಲಗಬೇಕು. ಇದರ ಹೊಣೆಯನ್ನೆಲ್ಲ ರೈತರ ತಲೆಗೇ ಕಟ್ಟುವುದೂ ಸರಿಯಲ್ಲ. 1976ರಿಂದ ಇರುವ ತಂಬಾಕು ಮಂಡಳಿಯಲ್ಲಿ ಯಾವ ಊರಿನಲ್ಲಿ ಯಾರ ಬ್ಯಾರನ್ ಇದೆಯೆಂಬುದರ ದಾಖಲೆ ಇದೆ, ರೈತರು ಅದರ ಹರಾಜು ಕಟ್ಟೆಗೆ ಬಂದೇ ಬರುತ್ತಾರೆ. ಎಲೆಯ ದರ್ಜೆಯ ಬಗ್ಗೆ ಹೇಳುವಾಗ ಎಲೆ ಮುರಿಯುವ ಕೈಯ ಬಗ್ಗೆಯೂ ಅಲ್ಲಿ ಹೇಳಬಹುದು. ಲೈಸೆನ್ಸಿನ ಜೊತೆ ಕೈಗವಸು ಕೊಡುವುದು ದೊಡ್ಡ ಖರ್ಚಲ್ಲ.

ಬ್ಯಾರನ್ ಕಾಲ ಮುಗಿದು ತಿಂಗಳು ಮೂರಾದರೂ ನಿದ್ದೆ ಹಳಿಗೆ ಬಾರದಿದ್ದರೆ ಆಗ ಅದು ವೈದ್ಯರಿಗೆ ತೋರಿಸಬೇಕಾದ ಸಂಗತಿ. ಹಳೆಯ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಮಲಗುವ ಏಳುವ ಹೊತ್ತನ್ನೂ ಹಾಸಿಗೆಯಲ್ಲಿ ಹೊರಳಾಡುವ ರೂಢಿಯನ್ನೂ ಸರಿಪಡಿಸುವ ಮಾತಿನ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿದೆ. ನಿದ್ದೆ ಬಂದಾಗಲೇ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಬೇರೆಡೆ ಕೂರುವುದು, ರಾತ್ರಿ ಹೇಗೇ ಕಳೆದಿರಲಿ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುವುದು ಅದರ ತಿರುಳು. ನಾಲ್ಕು ತಾಲ್ಲೂಕಿನಲ್ಲೂ ಸರ್ಕಾರಿ ಆಸ್ಪತ್ರೆಗಳಿವೆ, ತಾಲ್ಲೂಕು ಮಟ್ಟದಲ್ಲೇ ಮನೋವೈದ್ಯರು ಮಂಗಳವಾರದಂದು ಸಿಗಲೆಂದು ರಾಜ್ಯ ಸರ್ಕಾರ ಮನೋಚೈತನ್ಯ ಕಾರ್ಯಕ್ರಮ ರೂಪಿಸಿದೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗುವಾಗ ಗೂಡಿನಲ್ಲಿರುವ ಸ್ಟ್ರಿಪ್ಪನ್ನು, ಖಾಲಿಯಾಗಿದ್ದರೂ, ಜೇಬಿನಲ್ಲಿಟ್ಟುಕೊಂಡು ಹೋಗಬೇಕು. ಎಷ್ಟು ದಿನದಿಂದ, ದಿನಕ್ಕೆಷ್ಟು, ಮಲಗುವ ಮುನ್ನ ಎಲೆ ಅಡಿಕೆಯೋ ಕುಡಿತವೋ ಉಂಟೇ, ರಾತ್ರಿ ಎಷ್ಟು ಸಲ ಏಳುತ್ತೀರಿ, ಎದ್ದದ್ದು ಮೂತ್ರಕ್ಕೋ ತುರಿಕೆಗೋ ಕಾಲಿನ ಚಡಪಡಿಕೆಗೋ ಎಂಬುದನ್ನು ಅವರು ಕೇಳದಿದ್ದರೂ ತಾವೇ ಹೇಳಬೇಕು.